ಜೋಡುನಳಿಗೆಯ ಘನತೆ: ಕೈ ಬದಲಿಸುವ ಬೇಟೆಕೋವಿಯ ಮೌಲ್ಯವೆಲ್ಲಿದೆ?

ಎರಡಡಿ ಉದ್ದದ ಎರಡು ಉಕ್ಕಿನ ನಳಿಗೆಗಳು ಪಕ್ಕಪಕ್ಕದಲ್ಲಿ ಸೇರಿಕೊಂಡಿವೆ. ನೋಡುವ ಕಣ್ಣಿಗೆ ಸಮಾನಾಂತರವೆನಿಸುವ ಈ ನಳಿಗೆಗಳು ಬಾಯಿಯ ಕಡೆಗೆ ಸಾಗಿದಂತೆ ಅತಿ ಸೂಕ್ಷ್ಮವಾಗಿ ಒಂದನ್ನೊಂದು ಸಮೀಪಿಸುತ್ತವೆ. ಆ ಸೂಕ್ಷ್ಮ ಓರೆಯಲ್ಲಿಯೇ ಒಂದು ಮಹಾಕೌಶಲ ಅಡಗಿದೆ. ಕುಶಲಕರ್ಮಿ ಗುರಿಫಲಕಕ್ಕೆ ಗುಂಡು ಹಾರಿಸಿ, ನಳಿಗೆಗಳ ನಡುವಿನ ಬೆಸುಗೆಯನ್ನು ಕರಗಿಸಿ, ನಡುವಿನ ಸಣ್ಣ ಬೆಣೆಯನ್ನು ಸರಿಸಿ, ಮತ್ತೆ ಬೆಸೆದು, ಮತ್ತೆ ಹಾರಿಸಿ ನೋಡುತ್ತಾನೆ. ಐವತ್ತರಿಂದ ನೂರು ಗಜಗಳ ದೂರದಲ್ಲಿ ಎಡಬಲದ ಎರಡೂ ಗುಂಡುಗಳು ಒಂದೇ ಜಾಗವನ್ನು ಮುಟ್ಟುವ ತನಕ ಈ ಕೆಲಸ ನಿಲ್ಲುವುದಿಲ್ಲ. ಹೀಗೆ ಹದಗೊಂಡ .470 ನೈಟ್ರೋ ಎಕ್ಸ್‌ಪ್ರೆಸ್ ಜೋಡುನಳಿಗೆಯ ರೈಫಲ್ ಸುಮಾರು 5 ಕಿಲೋ ತೂಗುತ್ತದೆ. ಅದರ 500 ಗ್ರೇನಿನ, ಅಂದರೆ ಸುಮಾರು 32 ಗ್ರಾಮಿನ ಗುಂಡು ಸೆಕೆಂಡಿಗೆ 2,150 ಅಡಿ ವೇಗದಲ್ಲಿ ಹೊರಡುತ್ತದೆ. ಆನೆ, ಕಾಡುಕೋಣಗಳಂಥ ಬೃಹತ್ ಪ್ರಾಣಿ ಮೈಮೇಲೆ ಏರಿ ಬಂದಾಗ ಎರಡನೆಯ ಈಡು ಕ್ಷಣಾರ್ಧದಲ್ಲಿ ಸಿದ್ಧವಾಗಿರಬೇಕೆಂಬ ಒಂದೇ ಅಗತ್ಯದಿಂದ ಹುಟ್ಟಿದ ಈ ಯಂತ್ರ, ಉಕ್ಕಿನ ಮೇಲೆ ಬಳ್ಳಿಯ ಕೆತ್ತನೆಯನ್ನೂ ಎಣ್ಣೆ ಕುಡಿದು ಹೊಳೆಯುವ ಅಕ್ರೋಟು ಮರವನ್ನೂ ಧರಿಸಿ ಕಲಾಕೃತಿಯ ಅಂತಸ್ತಿಗೇರಿತು.

ಇಂಥ ಕೋವಿಗಳನ್ನು ಅಂಗಡಿಯ ಕಪಾಟಿನಿಂದ ಆರಿಸಿಕೊಳ್ಳುತ್ತಿರಲಿಲ್ಲ. ಕೊಳ್ಳುವವನ ತೋಳಿನ ಉದ್ದ, ಭುಜದ ಅಗಲ, ಕತ್ತಿನ ಎತ್ತರ, ಯಾವ ಕಣ್ಣು ಪ್ರಬಲ ಎಂಬುದನ್ನೆಲ್ಲ ಅಳೆದು ಒಬ್ಬ ವ್ಯಕ್ತಿಗಾಗಿ ಒಂದು ಕೋವಿಯನ್ನು ಕಡೆಯುತ್ತಿದ್ದರು. ಲಂಡನ್ನಿನ ಹೆಸರಾಂತ ಮನೆತನದ, ಸಿಡಿಸುವ ಯಂತ್ರವನ್ನು ಪಕ್ಕದ ಫಲಕಗಳ ಮೇಲೆ ಕೂರಿಸಿದ ಹೊಸ ಸೈಡ್‌ಲಾಕ್ ಜೋಡುನಳಿಗೆಯ ಬೆಲೆ ಇಂದು ಒಂದು ಲಕ್ಷ ಪೌಂಡುಗಳನ್ನು ಸಲೀಸಾಗಿ ದಾಟುತ್ತದೆ. ಹಾಗಾದರೆ ಯಾರದೋ ಅಳತೆಗೆ ಮಾಡಿದ, ಯಾರದೋ ಕೈಯಲ್ಲಿ ಸವೆದ ಹಳೆಯ ಕೋವಿಯ ಬೆಲೆಯನ್ನು ಗೊತ್ತುಮಾಡುವುದು ಹೇಗೆ? ಜಗತ್ತಿನ ಸಂಗ್ರಾಹಕರೆಲ್ಲ ಕೇಳಿಕೊಳ್ಳುವ ಈ ಪ್ರಶ್ನೆ ಹೈದರಾಬಾದಿನಲ್ಲಿ ಇನ್ನಷ್ಟು ಸ್ವಾರಸ್ಯಕರವಾಗುತ್ತದೆ.

ಹೈದರಾಬಾದಿನ ಸನತ್‌ನಗರದ ಇಂದಿನ ಚಹರೆಯಲ್ಲಿ ಬೇಟೆಯ ಸುಳಿವೂ ಇಲ್ಲ. 1942ರಲ್ಲಿ ಆರಂಭವಾದ ಹೈದರಾಬಾದ್ ಆಲ್ವಿನ್ ಕಂಪನಿಯ ಕಾರ್ಖಾನೆಯಿಂದ ಹೆಸರಾದ ಈ ಕೈಗಾರಿಕಾ ಬಡಾವಣೆಯಲ್ಲಿ ಈಗ ಕಾಣುವುದು ಶೆಡ್ಡುಗಳು, ಇಎಸ್‌ಐ ಆಸ್ಪತ್ರೆ, ಒತ್ತೊತ್ತಾದ ವಸತಿ ಸಮುಚ್ಚಯಗಳು. ಆದರೆ ಸನತ್‌ನಗರದ ನಿಲ್ದಾಣವನ್ನು ಹಾದುಹೋಗುವ ಹಳಿ ಬೇರೊಂದು ಕಾಲದ್ದು. ನಿಜಾಮರ ಸಂಸ್ಥಾನದ ಹಣದಿಂದ ನಿರ್ಮಾಣವಾಗಿ 1874ರಲ್ಲಿ ತೆರೆದ ವಾಡಿ–ಸಿಕಂದರಾಬಾದ್ ಮಾರ್ಗವದು. ಮುಂಬಯಿ ಬಂದರಿನಲ್ಲಿ ಇಳಿದ ವಿಲಾಯತಿ ಸರಕು ವಾಡಿ ಜಂಕ್ಷನ್ನಿಗೆ ಬಂದು, ಅಲ್ಲಿಂದ ತಾಂಡೂರು, ವಿಕಾರಾಬಾದುಗಳನ್ನು ದಾಟಿ ನಿಜಾಮರ ರಾಜಧಾನಿಯನ್ನು ಸೇರುತ್ತಿದ್ದ ದಾರಿಯಿದು. ಬೀದರ, ಕಲಬುರಗಿ, ರಾಯಚೂರುಗಳ ಕನ್ನಡಿಗರು ಮೊದಲು ಇದೇ ಸಂಸ್ಥಾನದ, ಅನಂತರ 1956ರ ತನಕ ಹೈದರಾಬಾದ್ ರಾಜ್ಯದ ಪ್ರಜೆಗಳಾಗಿದ್ದವರು. ಓದಿಗೆಂದೂ ನೌಕರಿಗೆಂದೂ ಅವರು ನಗರ ಸೇರಿದ್ದು ಇದೇ ಹಳಿಯ ಮೇಲೆ. ಜಾಗೀರುಗಳು ಹೋದರೂ ಜಾಗೀರುದಾರರ ಕೋವಿಗಳು ಮೊಮ್ಮಕ್ಕಳ ಲೈಸೆನ್ಸಿನಲ್ಲಿ ಉಳಿದುಕೊಂಡ ಮನೆಗಳು ಈ ಸೀಮೆಯಲ್ಲಿ ಇವೆ. ಅಂಥ ಮನೆಯ ಗೋಡ್ರೇಜ್ ಬೀರುವಿನಲ್ಲಿ ಕುಳಿತಿರುವುದು ಸಾಧಾರಣ ನಾಡಬಂದೂಕೋ, ಬರ್ಮಿಂಗ್‌ಹ್ಯಾಮಿನ ಶ್ರೇಷ್ಠ ಕೃತಿಯೋ ಎಂಬುದು ಎಷ್ಟೋ ಸಲ ಮನೆಯವರಿಗೇ ತಿಳಿದಿರುವುದಿಲ್ಲ.

ಮೃಗಯೆಯ ದಖನ್

ದಖನ್ನಿನ ಬೇಟೆಯ ವೈಭವಕ್ಕೆ ಶಿಖರಪ್ರಾಯನಾದವನು ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ (1866–1911). ಎಳೆಯ ಮಗುವಾಗಿದ್ದಾಗಲೇ ಗದ್ದುಗೆಗೆ ಬಂದ ಈ ದೊರೆ ಮೂವತ್ತಕ್ಕೂ ಹೆಚ್ಚು ಹುಲಿಗಳನ್ನು ಹೊಡೆದನೆಂದು ಜನರು ಇಂದಿಗೂ ಹೇಳುತ್ತಾರೆ. ಅವನ ಆಸ್ಥಾನ ಛಾಯಾಗ್ರಾಹಕ ಲಾಲಾ ದೀನ್ ದಯಾಳ್ ಶಿಕಾರಿಯ ಬಿಡಾರಗಳನ್ನು, ಅಂಬಾರಿಯ ಆನೆಗಳನ್ನು, ಸಾಲಾಗಿ ನಿಂತ ಬಂದೂಕುಧಾರಿಗಳನ್ನು ಗಾಜಿನ ಫಲಕಗಳ ಮೇಲೆ ಶಾಶ್ವತಗೊಳಿಸಿದ. 1902ರಲ್ಲಿ ವೈಸ್‌ರಾಯ್ ಲಾರ್ಡ್ ಕರ್ಜನ್ ದಂಪತಿಗಳು ಹೈದರಾಬಾದ್ ಸಂಸ್ಥಾನದ ಕಾಡಿನಲ್ಲಿ ಹೊಡೆದುರುಳಿಸಿದ ಹುಲಿಯ ಬಳಿ ನಿಂತ ಚಿತ್ರ ಇಂದು ಜಗತ್ಪ್ರಸಿದ್ಧ. ಆ ಕಾಲದಲ್ಲಿ ವೈಸ್‌ರಾಯ್ ಬಂದನೆಂದರೆ ಹುಲಿಯನ್ನು ತೋರಿಸುವುದು ರಾಜತಾಂತ್ರಿಕ ಶಿಷ್ಟಾಚಾರದ ಅಂಗವಾಗಿತ್ತು. ಅತಿಥಿಯ ಕೈಗೆ ಕೊಡುವ ಕೋವಿಯಲ್ಲಿ ಆತಿಥೇಯನ ಪ್ರತಿಷ್ಠೆ ಕಾಣುತ್ತಿತ್ತು.

ಕನ್ನಡನಾಡಿನ ದಕ್ಷಿಣ ಭಾಗದ್ದು ಇನ್ನೊಂದು ವೈಭವ. ಚಾಮರಾಜನಗರದ ಕಾಡಿನಲ್ಲಿ 1870ರ ದಶಕದಲ್ಲಿ ಆನೆಗಳನ್ನು ಖೆಡ್ಡಾಕ್ಕೆ ಕೆಡವಿದ ಜಿ. ಪಿ. ಸ್ಯಾಂಡರ್‌ಸನ್ ಕರಿಮದ್ದಿನ ಯುಗದ ಮನುಷ್ಯ. ಆ ಯುಗದಲ್ಲಿ ಬೋರನ್ನು ಎಣಿಸುತ್ತಿದ್ದುದು ಒಂದು ಪೌಂಡು ಸೀಸದಿಂದ ನಳಿಗೆಗೆ ಹಿಡಿಯುವ ಎಷ್ಟು ಗುಂಡುಗಳು ಆಗುತ್ತವೆ ಎಂಬ ಲೆಕ್ಕದಲ್ಲಿ. ನಾಲ್ಕು ಬೋರಿನ ಆನೆಕೋವಿ ಎಂದರೆ ಗುಂಡೊಂದು ಕಾಲು ಪೌಂಡು, ಅಂದರೆ ನೂರು ಗ್ರಾಮಿಗಿಂತ ಹೆಚ್ಚು. ಆ ಕೋವಿ ಹೊಡೆದವನನ್ನೇ ಹಿಂದಕ್ಕೆ ತಳ್ಳಿಬಿಡುತ್ತಿತ್ತು. ಮೈಸೂರಿನ ವ್ಯಾನ್ ಇಂಗೆನ್ ಸಂಸ್ಥೆ ಸುಮಾರು 1900ರಿಂದ 1999ರ ತನಕ ಅರಸರ, ಅಧಿಕಾರಿಗಳ ಬೇಟೆಯ ಪ್ರಾಣಿಗಳಿಗೆ ಜೀವಂತವೆಂಬಂಥ ರೂಪ ಕೊಟ್ಟು ಲೋಕವನ್ನು ಬೆರಗುಗೊಳಿಸಿತು. ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್‌ಸನ್ನನ ಸಾಹಸಗಳನ್ನು ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕತೆಗಳು’ ಮಾಲೆಯಲ್ಲಿ ಓದದ ಕನ್ನಡ ಮನೆ ಅಪರೂಪ. ಕೆದಂಬಾಡಿ ಜತ್ತಪ್ಪ ರೈಗಳ ‘ಬೇಟೆಯ ನೆನಪುಗಳು’ ಕರಾವಳಿಯ ಬೇಟೆಲೋಕವನ್ನು ಕಣ್ಣಮುಂದೆ ನಿಲ್ಲಿಸಿತು. ಕೊಡಗಿನಲ್ಲಂತೂ ಕೈಲ್ ಪೊಳ್ದ್ ಹಬ್ಬದಂದು ಕೋವಿಗೆ ಹೂ ಮುಡಿಸಿ ಪೂಜಿಸುವ ಸಂಪ್ರದಾಯ ಇಂದಿಗೂ ಜೀವಂತವಾಗಿದೆ.

ಈ ಇತಿಹಾಸದಲ್ಲಿ ಒಂದು ಇಸವಿಯನ್ನು ಕೊಳ್ಳುವವರು ಎಂದಿಗೂ ಮರೆಯುವಂತಿಲ್ಲ: 1907. ಜಾನ್ ರಿಗ್‌ಬಿ ಸಂಸ್ಥೆ 1898ರಲ್ಲಿ .450 ನೈಟ್ರೋ ಎಕ್ಸ್‌ಪ್ರೆಸ್ ತೋಟಾವನ್ನು ಲೋಕಕ್ಕೆ ಕೊಟ್ಟಾಗ ಬೇಟೆಯ ಗತಿಯೇ ಬದಲಾಯಿತು. ಹೊಗೆಯುಗುಳುವ ಕರಿಮದ್ದಿನ ಜಾಗಕ್ಕೆ ಹೊಗೆರಹಿತ ಕಾರ್ಡೈಟ್ ಮದ್ದು ಬಂದು, ಆನೆಕೋವಿ ಅರ್ಧ ತೂಕಕ್ಕಿಳಿದು, ಗುಂಡು ಒಳನುಗ್ಗುವ ಬಲ ಮಾತ್ರ ಹೆಚ್ಚಿತು. ಆದರೆ ಭಾರತದಲ್ಲಿ ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ಬಂದೂಕುಗಳ ಬೋರೂ .450. ಬೇಟೆಯ ಹೆಸರಿನಲ್ಲಿ ಬಂದ ಸಾಮಗ್ರಿ ದಂಗೆಕೋರರ ಕೈಸೇರೀತೆಂದು ಅಂಜಿದ ಬ್ರಿಟಿಷ್ ಸರ್ಕಾರ 1907ರಲ್ಲಿ .450 ಬೋರಿನ ಆಮದನ್ನೇ ನಿಷೇಧಿಸಿತು. ಭಾರತದ ಗಿರಾಕಿಗಳನ್ನು ಕಳೆದುಕೊಳ್ಳಲೊಲ್ಲದ ಲಂಡನ್, ಬರ್ಮಿಂಗ್‌ಹ್ಯಾಮಿನ ಕೋವಿಗಾರರು ಅದೇ ಶಕ್ತಿಯ ಬೇರೆ ಬೋರುಗಳತ್ತ ತಿರುಗಿದರು. ಹಾಲೆಂಡ್ ಅಂಡ್ ಹಾಲೆಂಡಿನ .465, ಜೋಸೆಫ್ ಲ್ಯಾಂಗಿನ .470, ಜೆಫ್ರಿಯ .475 ನಂಬರ್ 2, ವೆಸ್ಟ್‌ಲಿ ರಿಚರ್ಡ್ಸಿನ .476 ಇವುಗಳೆಲ್ಲ ಪ್ರಸಿದ್ಧಿಗೆ ಬಂದದ್ದು ಈ ನಿಷೇಧದ ನೆರಳಿನಲ್ಲಿ. ಇಂದು ಆಫ್ರಿಕದ ಹುಲ್ಲುಗಾವಲಿನಲ್ಲಿ .470 ಹಿಡಿದು ನಿಲ್ಲುವ ಬೇಟೆಗಾರನ ಕೋವಿಯ ಬೋರನ್ನು ನಿರ್ಧರಿಸಿದ್ದು ಭಾರತದ ರಾಜಕೀಯ. ಈ ಸಂಗತಿ ನನಗಂತೂ ಎಂದಿಗೂ ರೋಮಾಂಚಕ.

ಸರ್ಕಾರದ ಅಂಜಿಕೆ ನಿರಾಧಾರವಾಗಿರಲಿಲ್ಲ ಎಂಬುದಕ್ಕೆ ಏಳು ವರ್ಷಗಳಲ್ಲೇ ಸಾಕ್ಷಿ ದೊರೆಯಿತು. 1914ರ ಆಗಸ್ಟ್ 26ರಂದು ಕಲ್ಕತ್ತೆಯ ರೊಡ್ಡಾ ಕಂಪನಿಗೆ ಬಂದಿಳಿದ ಸರಕಿನಿಂದ 50 ಮೌಸರ್ ಪಿಸ್ತೂಲುಗಳನ್ನು ಬಂಗಾಳದ ಕ್ರಾಂತಿಕಾರರು ಹಾಡುಹಗಲೇ ಎಗರಿಸಿದರು. ಅದೇ ರೊಡ್ಡಾ, ಅದೇ ಕಲ್ಕತ್ತೆಯ ಮ್ಯಾಂಟನ್ ಕಂಪನಿಗಳ ಹೆಸರುಗಳೇ ಇಂದಿಗೂ ಭಾರತದ ಹಳೆಯ ಬೇಟೆಕೋವಿಗಳ ನಳಿಗೆಯ ಮೇಲೆ ಕಾಣುವುದು. ಇಂಗ್ಲೆಂಡಿನಲ್ಲಿ ತಯಾರಾದ ಕೋವಿಗೆ ಇಲ್ಲಿಯ ಮಾರಾಟಗಾರನ ಹೆಸರು ಕೆತ್ತಿಸುವುದು ಅಂದಿನ ವ್ಯಾಪಾರದ ರೂಢಿಯಾಗಿತ್ತು. ಆದ್ದರಿಂದ ಮ್ಯಾಂಟನ್ ಎಂಬ ಅಕ್ಷರಗಳನ್ನು ಕಂಡು ಇದು ದೇಶೀ ಮಾಲೆಂದು ತಳ್ಳಿಹಾಕಿದವರೂ ನಷ್ಟಕ್ಕೊಳಗಾಗಿದ್ದಾರೆ, ಅತ್ಯುತ್ತಮ ಕೃತಿಯೆಂದು ಹಾರಿಬಿದ್ದವರೂ ನಷ್ಟಕ್ಕೊಳಗಾಗಿದ್ದಾರೆ.

ಆಮೇಲೆ ಕಾಡು ಮೌನವಾಯಿತು. 1970ರಲ್ಲಿ ಹುಲಿಬೇಟೆಗೆ ನಿಷೇಧ ಬಂತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಜಾರಿಗೆ ಬಂತು. 1973ರಲ್ಲಿ ಹುಲಿ ಯೋಜನೆಯ ಮೊದಲ ಒಂಬತ್ತು ತಾಣಗಳಲ್ಲಿ ಬಂಡೀಪುರವೂ ಸೇರಿತು. ಮೈಸೂರರಸರ ಬೇಟೆಯ ಕಾಡುಗಳಿದ್ದ ಕರ್ನಾಟಕದಲ್ಲಿ 2022ರ ಅಂದಾಜಿನ ಪ್ರಕಾರ 563 ಹುಲಿಗಳಿವೆ. ಇದು ನಾವೆಲ್ಲ ಹೆಮ್ಮೆಪಡಬೇಕಾದ ಸಂಗತಿ. ಭಾರತದಲ್ಲಿ ಮಹಾಬೇಟೆಯ ಕೋವಿ ತನ್ನ ಮೂಲ ಕೆಲಸವನ್ನು ಶಾಶ್ವತವಾಗಿ ಮುಗಿಸಿ, ಕುಶಲಕಲೆಯ ಪರಂಪರೆಯಾಗಿ ಮಾತ್ರ ಉಳಿಯಿತು. ಅದರ ಬೆಲೆಯನ್ನು ಅರಿಯುವ ಕಣ್ಣೂ ಅದಕ್ಕೆ ತಕ್ಕಂತೆ ಬದಲಾಗಬೇಕಾಗುತ್ತದೆ.

ಬೆಲೆಯ ಬೇರು

ಬಳಸಿದ ಬೇಟೆಕೋವಿಯ ಮೌಲ್ಯಕ್ಕೆ ಎರಡು ಬೇರುಗಳಿವೆ: ಅದರ ದೇಹ, ಅದರ ದಾಖಲೆ. ಕಾರ್ಖಾನೆಯಿಂದ ಹೊರಟ ದಿನದ ಸ್ವರೂಪ ಎಷ್ಟು ಉಳಿದಿದೆ ಎಂಬುದನ್ನು ದೇಹ ಹೇಳುತ್ತದೆ. ಯಾರಿಗಾಗಿ, ಯಾವಾಗ, ಹೇಗೆ ತಯಾರಾಯಿತು, ಆಮೇಲೆ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದನ್ನು ದಾಖಲೆ ಹೇಳುತ್ತದೆ. ಇವೆರಡೂ ಒಂದೇ ಮಾತನ್ನಾಡಿದಾಗ ಬೆಲೆ ಗಗನಕ್ಕೇರುತ್ತದೆ.

ದಾಖಲೆಯ ಮಹಿಮೆಗೆ ಜಿಮ್ ಕಾರ್ಬೆಟ್‌ನ ರೈಫಲ್ಲಿಗಿಂತ ಉಜ್ವಲ ಉದಾಹರಣೆ ಬೇಕಿಲ್ಲ. ಅದು ಆಡಂಬರವಿಲ್ಲದ .275 ರಿಗ್‌ಬಿ. ಮೌಸರ್ ಯಂತ್ರದ, ಒಂಟಿನಳಿಗೆಯ, ಅಗ್ಗವೂ ಅಲ್ಲದ ಅತಿ ದುಬಾರಿಯೂ ಅಲ್ಲದ ಕೋವಿ. ಆದರೆ ಅದರ ಮರದ ಮೇಲೆ ಒಂದು ಬೆಳ್ಳಿಯ ಬಿಲ್ಲೆಯಿದೆ. 1907ರಲ್ಲಿ ಚಂಪಾವತದ ನರಭಕ್ಷಕ ಹೆಣ್ಣುಹುಲಿಯನ್ನು ಕೊಂದುದಕ್ಕಾಗಿ ಸಂಯುಕ್ತ ಪ್ರಾಂತಗಳ ಲೆಫ್ಟಿನೆಂಟ್ ಗವರ್ನರ್ ಸರ್ ಜಾನ್ ಹ್ಯೂಯೆಟ್ ಕೊಟ್ಟ ಉಡುಗೊರೆಯೆಂದು ಅದು ಸಾರುತ್ತದೆ. ಕಾರ್ಬೆಟ್‌ನ ನಂತರ ಅವನ ಪ್ರಕಾಶಕರಾದ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನ ವಶದಲ್ಲಿದ್ದ ಈ ಕೋವಿಯನ್ನು 2015ರಲ್ಲಿ ರಿಗ್‌ಬಿ ಸಂಸ್ಥೆಯೇ ಮರಳಿ ಕೊಂಡುಕೊಂಡು, ಮರುವರ್ಷ ಭಾರತಕ್ಕೆ ತಂದು ಪ್ರದರ್ಶಿಸಿತು. ಅದೇ ವರ್ಗದ, ಅದೇ ಕಾಲದ, ಹೆಸರಿಲ್ಲದ .275 ರಿಗ್‌ಬಿಯ ಪಕ್ಕದಲ್ಲಿ ಇದನ್ನಿಟ್ಟರೆ ಉಕ್ಕಿನಲ್ಲಿ ವ್ಯತ್ಯಾಸವಿಲ್ಲ. ಇರುವ ವ್ಯತ್ಯಾಸವೆಲ್ಲ ಆ ಅಂಗೈಯಗಲವೂ ಇಲ್ಲದ ಬೆಳ್ಳಿಯಲ್ಲಿದೆ. ಸಾಹಿತಿ ಅರ್ನೆಸ್ಟ್ ಹೆಮಿಂಗ್ವೆಯ ವೆಸ್ಟ್‌ಲಿ ರಿಚರ್ಡ್ಸ್ .577 ಜೋಡುನಳಿಗೆ 2011ರಲ್ಲಿ ಅಮೆರಿಕದ ಹರಾಜಿನಲ್ಲಿ ಮೂರು ಲಕ್ಷ ಡಾಲರುಗಳಿಗೂ ಹೆಚ್ಚಿಗೆ ಹೋಯಿತು. ಅದಕ್ಕೂ ಹಿಂದಿನ ವರ್ಷ ಅಮೆರಿಕದ ಅಧ್ಯಕ್ಷನಾಗಿದ್ದ ಥಿಯೊಡೋರ್ ರೂಸ್‌ವೆಲ್ಟನ ಫಾಕ್ಸ್ ಬಂದೂಕಿಗೆ ಎಂಟು ಲಕ್ಷ ಡಾಲರುಗಳನ್ನು ದಾಟಿದ ಬೆಲೆ ಬಂದಿತ್ತು.

ಹೆಸರಿಲ್ಲದ ಕೋವಿಗೂ ದಾಖಲೆಯಿರುತ್ತದೆ. 1775ರಿಂದ ನಡೆದುಬಂದ ರಿಗ್‌ಬಿ, 1812ರ ವೆಸ್ಟ್‌ಲಿ ರಿಚರ್ಡ್ಸ್, 1814ರ ಪರ್ಡಿ, 1835ರ ಹಾಲೆಂಡ್ ಅಂಡ್ ಹಾಲೆಂಡ್ ಮುಂತಾದ ಮನೆತನಗಳು ಪ್ರತಿ ಕೋವಿಗೂ ಕ್ರಮಸಂಖ್ಯೆ ಕೊಟ್ಟು, ಖಾತೆಪುಸ್ತಕದಲ್ಲಿ ಗಿರಾಕಿಯ ಹೆಸರು, ಬೋರು, ನಳಿಗೆಯ ಉದ್ದ, ಮುಗಿದ ದಿನಾಂಕಗಳನ್ನು ಬರೆದಿಡುತ್ತಿದ್ದವು. ಕ್ರಮಸಂಖ್ಯೆಯನ್ನು ಬರೆದು ಕಳಿಸಿ, ಶುಲ್ಕ ತೆತ್ತರೆ ಆ ಪುಟದ ವಿವರ ಪತ್ರರೂಪದಲ್ಲಿ ದೊರೆಯುವ ವ್ಯವಸ್ಥೆ ಇಂಥ ಸಂಸ್ಥೆಗಳಲ್ಲಿದೆ. ಹಳೆಯ ಕೋವಿಯನ್ನು ಕೊಳ್ಳುವ ಮೊದಲು ಮಾಡಬೇಕಾದ ಅತಿ ಲಾಭದಾಯಕ ಖರ್ಚು ಇದೇ ಎಂದು ನಾನು ದೃಢವಾಗಿ ಹೇಳಬಲ್ಲೆ. ಖಾತೆಯಲ್ಲಿ 26 ಅಂಗುಲವೆಂದಿರುವ ನಳಿಗೆ ಕೈಯಲ್ಲಿ 24 ಅಂಗುಲವಿದ್ದರೆ ಯಾರೋ ಕತ್ತರಿಸಿದ್ದಾರೆ. ಹಾಗೆ ಕತ್ತರಿಸಿದ ಜೋಡುನಳಿಗೆಯಲ್ಲಿ ಎರಡು ಗುಂಡುಗಳ ಸಂಗಮವೂ ಕೆಟ್ಟಿರುತ್ತದೆ. ಖಾತೆಯಲ್ಲಿ ಒಬ್ಬ ಚಹಾತೋಟದ ಸಾಹೇಬನ ಹೆಸರಿದ್ದು, ಕೋವಿಯ ಮೇಲೆ ಮಾತ್ರ ರಾಜಮುದ್ರೆ ಹೊಳೆಯುತ್ತಿದ್ದರೆ ಆ ಮುದ್ರೆ ಎಂದಿನದು ಎಂದು ಕೇಳಲೇಬೇಕು. ಸುತ್ತಲಿನ ಕೆತ್ತನೆಯ ಅಂಚುಗಳು ಸವೆದು ದುಂಡಗಾಗಿರುವಾಗ ಮುದ್ರೆಯ ಗೆರೆಗಳು ಮಾತ್ರ ಚೂಪಾಗಿದ್ದರೆ ಉತ್ತರ ಅಲ್ಲಿಯೇ ಇದೆ. ಅರಸುಮನೆಗಳ ಹೆಸರಿಗೆ ಮೌಲ್ಯ ಹೆಚ್ಚಾದಷ್ಟೂ ಹೊಸ ಮುದ್ರೆಗಳು ಹುಟ್ಟಿಕೊಳ್ಳುತ್ತವೆ.

ಅಪ್ಪಟ ಕೆಲಸವನ್ನು ಗುರುತಿಸುವ ಕಣ್ಣನ್ನು ಪಳಗಿಸಿಕೊಳ್ಳಲು ಹೈದರಾಬಾದಿನವರು ದೂರ ಹೋಗಬೇಕಿಲ್ಲ. ಸಾಲಾರ್ ಜಂಗ್ ವಸ್ತುಸಂಗ್ರಹಾಲಯದ ಶಸ್ತ್ರಾಸ್ತ್ರ ವಿಭಾಗ, ಚೌಮಹಲ್ಲಾ ಅರಮನೆಯ ಆಯುಧಗಳ ಪ್ರದರ್ಶನ ಇಲ್ಲಿಯೇ ಇವೆ. ಗಾಜಿನಾಚೆಯ ಕೆತ್ತನೆಯನ್ನೂ ಮರ ಮತ್ತು ಲೋಹ ಕೂಡುವ ಗೆರೆಯನ್ನೂ ಒಂದು ಮಧ್ಯಾಹ್ನ ನಿಧಾನವಾಗಿ ನೋಡಿದರೆ, ನುರಿತ ಕೈಯ ಕೆಲಸಕ್ಕೂ ಅವಸರದ ಅನುಕರಣೆಗೂ ಇರುವ ಅಂತರ ತಾನಾಗಿ ತಿಳಿಯುತ್ತದೆ.

ಈಗ ದೇಹದ ಪರೀಕ್ಷೆ. ಕೋವಿ ಖಾಲಿಯಿದೆಯೆಂದು ಕಣ್ಣಾರೆ ಕಂಡು ಖಚಿತಪಡಿಸಿಕೊಂಡ ಮೇಲೆ, ಅನುಭವಿಗಳು ಮೊದಲು ನೋಡುವುದು ಕೆತ್ತನೆಯನ್ನಲ್ಲ, ತಿರುಪುಮೊಳೆಗಳನ್ನು. ಉತ್ತಮ ಬ್ರಿಟಿಷ್ ಕೋವಿಯಲ್ಲಿ ಮೊಳೆಗಳ ಗೀರುಗಳೆಲ್ಲ ಒಂದೇ ದಿಕ್ಕಿಗೆ ನಿಂತಿರುತ್ತವೆ, ಗೀರು ಕೂದಲಿನಷ್ಟು ಸಣ್ಣ. ಅವು ಜಜ್ಜಿಹೋಗಿದ್ದರೆ ಅರಿಯದ ಕೈಯೊಂದು ಒಳಹೊಕ್ಕಿದೆ. ಆಮೇಲೆ ನಳಿಗೆಗಳನ್ನು ಬಿಡಿಸಿ, ಕೊಕ್ಕೆಗೆ ತೂಗುಬಿಟ್ಟು ಬೆರಳಗೆಣ್ಣಿನಿಂದ ಬಡಿದರೆ ಘಂಟಾನಾದದಂಥ ದೀರ್ಘ ಧ್ವನಿ ಹೊಮ್ಮಬೇಕು. ಮಂದ ಧ್ವನಿ ಬಂದರೆ ನಳಿಗೆಗಳನ್ನು ಬಂಧಿಸಿದ ಪಟ್ಟಿಯ ಬೆಸುಗೆ ಬಿಟ್ಟಿದೆ. ಮುಂಗೈ ಮರವನ್ನು ತೆಗೆದು, ನಳಿಗೆಗಳನ್ನು ಮತ್ತೆ ಜೋಡಿಸಿ ಅಲುಗಾಡಿಸಿದಾಗ ಸಡಿಲವೆನಿಸಬಾರದು. ನಳಿಗೆಯ ಅಡಿಯಲ್ಲಿ ಪರೀಕ್ಷಾಮುದ್ರೆಗಳಿರುತ್ತವೆ. ಲಂಡನ್ನಿನ ಕೋವಿಗಾರರ ಸಂಘಕ್ಕೆ 1637ರಲ್ಲಿ ರಾಜಸನ್ನದು ದೊರೆಯಿತು. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯ 1813ರದು. ಆ ಮುದ್ರೆಗಳ ಪಕ್ಕದಲ್ಲೇ ಎಷ್ಟು ಕಾರ್ಡೈಟಿಗೆ, ಎಷ್ಟು ತೂಕದ ಗುಂಡಿಗೆ ಈ ಕೋವಿ ಹದಗೊಂಡಿದೆಯೆಂದು ಬರೆದಿರುತ್ತಾರೆ. ಅದನ್ನು ಓದಲಾರದವನು ಜೋಡುನಳಿಗೆಯನ್ನು ಕೊಳ್ಳಬಾರದು. ಏಕೆಂದರೆ .450 ಎಂಬ ಒಂದೇ ಸಂಖ್ಯೆಯ ಕೆಳಗೆ ಕರಿಮದ್ದಿನ ಎಕ್ಸ್‌ಪ್ರೆಸ್ಸೂ ಇದೆ, ನೈಟ್ರೋ ಎಕ್ಸ್‌ಪ್ರೆಸ್ಸೂ ಇದೆ. ಮೊದಲಿನದಕ್ಕೆ ಎರಡನೆಯದರ ತೋಟಾ ಹಾಕಿದರೆ ಪ್ರಾಣಾಪಾಯ.

ನಮ್ಮ ನೆಲದ ಕೋವಿಗಳಿಗೆ ನಮ್ಮವೇ ಆದ ಕಾಯಿಲೆಗಳಿವೆ. ಹಿಂದಿನ ಕೇಪುಗಳ ರಾಸಾಯನಿಕ ನಳಿಗೆಯೊಳಗೆ ಉಪ್ಪಿನಂಥ ಶೇಷವನ್ನು ಬಿಡುತ್ತಿತ್ತು. ಬಿಸಿನೀರಿನಿಂದ ತೊಳೆಯದಿದ್ದರೆ ಮಳೆಗಾಲದ ತೇವವನ್ನು ಹೀರಿ ಒಂದೇ ರಾತ್ರಿಯಲ್ಲಿ ತುಕ್ಕು. ಶಿಕಾರಿಯಿಂದ ದಣಿದು ಬಂದ ದಿನ ಯಾರೋ ಮರೆತ ಆ ಬಿಸಿನೀರು ನೂರು ವರ್ಷಗಳ ನಂತರವೂ ನಳಿಗೆಯ ಒಳಗೋಡೆಯ ಗುಳಿಗಳಾಗಿ ಕಾಣುತ್ತದೆ. ಮರದ ಮಣಿಕಟ್ಟಿನ ಭಾಗ ಮುರಿದಾಗ ಊರಿನ ಮೇಸ್ತ್ರಿ ಹಿತ್ತಾಳೆಯ ತಗಡು ಸುತ್ತಿ ಮೊಳೆ ಹೊಡೆದಿರುತ್ತಾನೆ. ಸಂಸ್ಥಾನಗಳ ಕೋವಿಗಳಿಗೆ ಹೊಳಪಿಗಾಗಿ ನಿಕ್ಕಲ್ ಲೇಪ ಹಾಕಿಸಿದ್ದೂ ಉಂಟು. ಇವೆಲ್ಲ ಬೆಲೆಯನ್ನು ತಗ್ಗಿಸುತ್ತವೆ, ನಿಜ. ಆದರೂ ಹಿತ್ತಾಳೆಯ ಆ ಹಳೆಯ ಪ್ರಾಮಾಣಿಕ ರಿಪೇರಿಯನ್ನು ನಾನು ಗೌರವದಿಂದ ನೋಡುತ್ತೇನೆ. ಅದಕ್ಕಿಂತ ದೊಡ್ಡ ಅನಾಹುತ ಮಾರುವ ಮುನ್ನಾದಿನ ಮಾಡಿಸುವ ಶೃಂಗಾರ. ಮರವನ್ನು ಉಪ್ಪುಕಾಗದದಿಂದ ಉಜ್ಜಿ, ನಳಿಗೆಗೆ ಹೊಸ ಕಪ್ಪು ಬಳಿಸಿ, ಕೆತ್ತನೆಯ ಮೇಲೆ ಪಾಲಿಶ್ ಚಕ್ರ ಓಡಿಸಿದರೆ ಶತಮಾನದ ಮೈಬಣ್ಣ ಒಂದೇ ಮಧ್ಯಾಹ್ನದಲ್ಲಿ ಅಳಿಸಿಹೋಗುತ್ತದೆ. ಅದನ್ನು ಮರಳಿ ತರುವ ವಿದ್ಯೆ ಯಾರಲ್ಲಿಯೂ ಇಲ್ಲ.

ಅಳತೆ ಕೊಟ್ಟು ಮಾಡಿಸಿದ ಕೋವಿಗೆ ಇನ್ನೊಂದು ವಿಚಿತ್ರ ವಿಧಿಯಿದೆ. ಒಬ್ಬನ ಮೈಗೆ ಹೊಲಿಸಿದ ಶೇರ್ವಾನಿ ಮತ್ತೊಬ್ಬನಿಗೆ ಹಿಡಿಸದಂತೆ, ಮೊದಲ ಒಡೆಯನ ಸುಖಕ್ಕಾಗಿ ಮಾಡಿಸಿದ್ದೇ ಎರಡನೆಯವನಿಗೆ ತೊಡಕಾಗುತ್ತದೆ. ಎಡಗೈಯವನಿಗೆ ಓರೆ ಕೊಟ್ಟ ಮರ, ಅತಿ ನೀಳ ತೋಳಿನ ಅಳತೆ, ಯಾರೂ ಕೇಳರಿಯದ ತೋಟಾ, ಅಭಿರುಚಿಗೆ ತಕ್ಕ ಚಿನ್ನದ ಮೊನೋಗ್ರಾಂ ಇವುಗಳಿಗೆ ಅವನು ತೆತ್ತ ಹಣ ಮರುಮಾರಾಟದಲ್ಲಿ ಬರುವುದಿಲ್ಲ. ಆಧುನಿಕ ಕಾಲದ ಒಂಟಿನಳಿಗೆಯ ಮಾಡಿಸಿದ ರೈಫಲ್ಲುಗಳಲ್ಲಂತೂ ಈ ಕುಸಿತ ತೀವ್ರ. ಹಾಗಾಗಿ ತನ್ನ ಮೈಗೆ ಒಗ್ಗುವ ಬಳಸಿದ ಕೋವಿ ಸಿಕ್ಕವನು ಭಾಗ್ಯವಂತ. ಮೊದಲಿನವನು ಕಾದ ವರ್ಷಗಳನ್ನೂ ತೆತ್ತ ದುಡ್ಡಿನ ದೊಡ್ಡ ಪಾಲನ್ನೂ ಅವನು ಉಡುಗೊರೆಯಾಗಿ ಪಡೆಯುತ್ತಾನೆ. ಇದಕ್ಕೆ ಅಪವಾದವೆಂದರೆ ಯಂತ್ರವೇ ಅಪರೂಪವಾದ ಕೋವಿಗಳು. 1911ರ ಸುಮಾರಿಗೆ .416 ರಿಗ್‌ಬಿಗಾಗಿ ಬಳಕೆಗೆ ಬಂದ ಜರ್ಮನಿಯ ಒಬರ್ನ್‌ಡಾರ್ಫಿನ ಮ್ಯಾಗ್ನಮ್ ಮೌಸರ್ ಯಂತ್ರವಿದ್ದರೆ, ಮರ ಬದಲಾಗಿದ್ದರೂ ಬೆಲೆ ಗಟ್ಟಿಯಾಗಿ ನಿಲ್ಲುತ್ತದೆ. ಜೋಡುನಳಿಗೆಗಳಲ್ಲಿ ಯಂತ್ರವನ್ನು ಒಡಲೊಳಗೇ ಕೂರಿಸಿದ ಬಾಕ್ಸ್‌ಲಾಕಿಗಿಂತ ಸೈಡ್‌ಲಾಕಿಗೆ, ಖಾಲಿ ಕೋಶವನ್ನು ತಾನೇ ಎಸೆಯುವ ಇಜೆಕ್ಟರ್ ಇದ್ದುದಕ್ಕೆ, ಇಂದಿಗೂ ತೋಟಾ ದೊರೆಯುವ .470ರಂಥ ಬೋರಿಗೆ ಮನ್ನಣೆ ಹೆಚ್ಚು. 1897ರಲ್ಲಿ ವೆಸ್ಟ್‌ಲಿ ರಿಚರ್ಡ್ಸ್ ಹಕ್ಕು ಪಡೆದ, ಯಂತ್ರಭಾಗವನ್ನು ಬೆರಳಿನಿಂದಲೇ ಕೆಳಗಿಳಿಸಬಲ್ಲ ಡ್ರಾಪ್‌ಲಾಕ್ ರಚನೆಗೆ ವಿಶೇಷ ಅಭಿಮಾನಿಗಳಿದ್ದಾರೆ. ವೆಸ್ಟ್‌ಲಿ ರಿಚರ್ಡ್ಸ್ ಭಾರತದ ಅರಸರಿಗೆ ಅತಿ ಪ್ರಿಯವಾಗಿದ್ದ ಮನೆತನವೂ ಹೌದು.

ಕಾನೂನಿನ ಚೌಕಟ್ಟು

ವಿದೇಶದ ಹರಾಜಿನ ಅಂಕಿಗಳನ್ನು ಓದಿ ಸನತ್‌ನಗರದ ಬೀರುವಿನೊಳಗಿನ ಕೋವಿಗೆ ಅದೇ ಬೆಲೆ ಕಟ್ಟುವುದು ತಪ್ಪು ಲೆಕ್ಕ. ಐತಿಹಾಸಿಕ ಮಹತ್ವದ, ನೂರು ವರ್ಷ ದಾಟಿದ ವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯದಂತೆ 1972ರ ಪ್ರಾಚ್ಯವಸ್ತು ಕಾಯಿದೆ ತಡೆಯುತ್ತದೆ. ಇತ್ತ ವಿದೇಶಿ ಕೋವಿಗಳ ಖಾಸಗಿ ಆಮದು, ಮಾನ್ಯತೆ ಪಡೆದ ಕ್ರೀಡಾಶೂಟರುಗಳನ್ನು ಬಿಟ್ಟರೆ, ದಶಕಗಳಿಂದ ಬಹುತೇಕ ನಿಂತಿದೆ. ಒಳಗಿದ್ದದ್ದು ಹೊರಹೋಗದು, ಹೊರಗಿದ್ದದ್ದು ಒಳಬರದು. ಹೀಗಾಗಿ ಭಾರತದ ಮಾರುಕಟ್ಟೆ ತನ್ನದೇ ತರ್ಕದಲ್ಲಿ ನಡೆಯುತ್ತದೆ. ಇಶಾಪುರದ ಸರ್ಕಾರಿ ಕಾರ್ಖಾನೆಯ .315 ರೈಫಲ್ಲಿಗೆ ತೋಟಾ ಸಿಗುತ್ತದೆ; .475ಕ್ಕೆ ಹುಡುಕಿದರೂ ಸಿಗುವುದು ಕಷ್ಟ. ಲಂಡನ್ನಿನಲ್ಲಿ ಸಂಗ್ರಾಹಕರು ಪೈಪೋಟಿ ನಡೆಸುವ ಜೋಡುನಳಿಗೆಗೆ ಇಲ್ಲಿ ಗಿರಾಕಿಯೇ ಇಲ್ಲದಿರಬಹುದು. ಇನ್ನು .303 ಬೋರಿನ ಬೇಟೆಕೋವಿ ಎಷ್ಟೇ ಸುಂದರವಾಗಿರಲಿ, ಸೈನ್ಯದ ತೋಟಾ ಹಿಡಿಸುವ ಕಾರಣಕ್ಕೆ ಅದು ನಿಷಿದ್ಧ ಬೋರಿನ ವರ್ಗಕ್ಕೆ ಸೇರುತ್ತದೆ. ಸಾಮಾನ್ಯ ಲೈಸೆನ್ಸಿನ ಮೇಲೆ ಅದನ್ನು ಕೊಳ್ಳುವಂತಿಲ್ಲ.

1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ತನ್ನ ಸ್ವಂತ ಕೋವಿಯನ್ನು ಮಾರುವವನು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಹತ್ತಿರದ ಠಾಣೆಗೆ ಲಿಖಿತವಾಗಿ ತಿಳಿಸಿ 45 ದಿನ ಕಾಯಬೇಕು. ಕೊಳ್ಳುವವನ ಬಳಿ ಆ ವರ್ಗದ ಪರವಾನಗಿ ಇರಲೇಬೇಕು. ಪೊಲೀಸ್ ಕಮಿಷನರೇಟ್ ಇರುವ ಹೈದರಾಬಾದಿನಂಥ ನಗರಗಳಲ್ಲಿ ಪರವಾನಗಿ ಕೊಡುವ ಅಧಿಕಾರ ಕಮಿಷನರದು. 2019ರ ತಿದ್ದುಪಡಿ ಒಬ್ಬರ ಬಳಿ ಇರಬಹುದಾದ ಕೋವಿಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕಿಳಿಸಿತು. ಪಿತ್ರಾರ್ಜಿತ ಕೋವಿಗಳೂ ಈ ಮಿತಿಯೊಳಗೇ ಬರುತ್ತವೆ. ಮೂರು ಕೋವಿಗಳಿದ್ದ ಪರವಾನಗಿದಾರರು ಒಂದನ್ನು ಒಪ್ಪಿಸಬೇಕಾಗಿ ಬಂದಾಗ ಯಾವುದನ್ನು ಬಿಡುವುದೆಂಬ ಪ್ರಶ್ನೆ ಎದ್ದಿತು. ಬಳಕೆಯಲ್ಲಿರುವ ಹೊಸ ಕೋವಿಯನ್ನು ಉಳಿಸಿಕೊಂಡು, ತೋಟಾ ಸಿಗದ ತಾತನ ಭಾರದ ಕೋವಿಯನ್ನು ಬಿಡುವುದು ಅನುಕೂಲದ ದಾರಿಯಾಗಿ ತೋರುವುದು ಸಹಜ. ಬಿಡುವ ಮುನ್ನ ಕ್ರಮಸಂಖ್ಯೆಯನ್ನಾದರೂ ಓದಿಸಿ ನೋಡಬೇಕೆಂಬುದು ನನ್ನ ಕಳಕಳಿಯ ಮನವಿ. ಠಾಣೆಯ ಮಾಲಖಾನೆಯನ್ನು ಹೊಕ್ಕ ಮೇಲೆ ಅದನ್ನು ಗುರುತಿಸುವ ಕಣ್ಣು ಸಿಗುವುದು ದುರ್ಲಭ.

ಮನೆಯ ಹಿರಿಯರು ತೀರಿಕೊಂಡಾಗ ವಾರಸುದಾರರು ಕೋವಿಯನ್ನು ತಡಮಾಡದೆ ಠಾಣೆಗೋ ಲೈಸೆನ್ಸುದಾರ ವ್ಯಾಪಾರಿಗೋ ಒಪ್ಪಿಸಿ, ತಮ್ಮ ಹೆಸರಿಗೆ ಪರವಾನಗಿ ಕೋರಬೇಕು. ಇನ್ನೂ ಒಳ್ಳೆಯ ದಾರಿ ಹಿರಿಯರು ಬದುಕಿರುವಾಗಲೇ ತೆರೆದಿದೆ. 2016ರ ಶಸ್ತ್ರಾಸ್ತ್ರ ನಿಯಮಗಳಂತೆ ಪರವಾನಗಿದಾರರಿಗೆ 70 ವರ್ಷ ತುಂಬಿದಾಗ ಅಥವಾ ಅವರು ಕೋವಿಯನ್ನು 25 ವರ್ಷ ಇಟ್ಟುಕೊಂಡ ಮೇಲೆ, ಯಾವುದು ಮೊದಲೋ ಆಗ, ತಾವು ಸೂಚಿಸಿದ ವಾರಸುದಾರರಿಗೆ ಅದನ್ನು ವರ್ಗಾಯಿಸಬಹುದು. ಹಾಗೆ ಮಾಡಿದಲ್ಲಿ ಕೋವಿಯ ಜೊತೆ ಅದರ ಕಥೆಯೂ ಕೈ ಬದಲಿಸುತ್ತದೆ: ಯಾವ ಜಾಗೀರಿನದು, ಯಾರಿಂದ ಬಂತು, ಮಣಿಕಟ್ಟಿನ ಹಿತ್ತಾಳೆಯ ತಗಡು ಯಾವಾಗ ಸುತ್ತಿದ್ದು. ಇವನ್ನೆಲ್ಲ ಒಂದು ಹಾಳೆಯ ಮೇಲೆ ಬರೆಯಿಸಿ, ಹಳೆಯ ಲೈಸೆನ್ಸ್ ಪುಸ್ತಕಗಳು, ಖರೀದಿಯ ಚೀಟಿ, ಶಿಕಾರಿಯ ಛಾಯಾಚಿತ್ರಗಳ ಜೊತೆ ಕಟ್ಟಿಟ್ಟರೆ ಕಂಪನಿಯ ಖಾತೆಪುಸ್ತಕ ನಿಂತಲ್ಲಿಂದ ಮುಂದಿನ ಅಧ್ಯಾಯ ಪೂರ್ಣವಾಗುತ್ತದೆ. ಆ ಕಾಗದಗಳನ್ನೂ, ಕೋವಿಗಾರನ ಹೆಸರಿನ ಚೀಟಿ ಅಂಟಿಸಿದ ಮೂಲ ಚರ್ಮದ ಪೆಟ್ಟಿಗೆಯನ್ನೂ ಜೋಪಾನ ಮಾಡಬೇಕು; ಅಂಥ ಪೆಟ್ಟಿಗೆಗೇ ಸಂಗ್ರಾಹಕರು ಪ್ರತ್ಯೇಕ ಬೆಲೆ ಕೊಡುತ್ತಾರೆ. ಕೋವಿಯನ್ನು ಮಾತ್ರ ಆ ಪೆಟ್ಟಿಗೆಯಲ್ಲಿ ಇಡಕೂಡದು. ಚರ್ಮ ಮತ್ತು ಬನಾತು ಮಳೆಗಾಲದ ತೇವವನ್ನು ಹಿಡಿದಿಟ್ಟು ಉಕ್ಕಿಗೆ ಊಡುತ್ತವೆ. ತೆಳುವಾಗಿ ಎಣ್ಣೆ ಸವರಿ, ಮರಕ್ಕೆ ಎಣ್ಣೆ ಇಳಿಯದಂತೆ ಬಾಯಿ ಕೆಳಗೆ ಮಾಡಿ, ಬೀಗ ಹಾಕಿದ ಉಕ್ಕಿನ ಬೀರುವಿನಲ್ಲಿ ನಿಲ್ಲಿಸಿ, ತೋಟಾಗಳನ್ನು ಬೇರೆ ಬೀಗದಲ್ಲಿಟ್ಟು, ಆಷಾಢದಿಂದ ಆಶ್ವಯುಜದ ತನಕ ತಿಂಗಳಿಗೊಮ್ಮೆ ಹೊರತೆಗೆದು ಒರೆಸಬೇಕು.